ಸ್ವಂತ ಕುದುರೆಯಿಲ್ಲದೆ ಹಾಕಿಕೊಂಡ ಯೋಜನೆ

ನನಗೀಗ ಹದಿನೇಳು. ದ್ವಿತೀಯ ಪಿಯುಸಿಯಲ್ಲಿ ವಿಜ್ಞಾನ ಓದುತ್ತಿದ್ದೇನೆ. ಬೆಂಗಳೂರಿನ ಉತ್ತರದಂಚಿನ ಒಂದು ಸವಾರಿ ಶಾಲೆಯಲ್ಲಿ ಇಂಗ್ಲಿಷ್ ಶೈಲಿಯ ಸವಾರಿ ಕಲಿಯುತ್ತಿದ್ದೇನೆ. ಮುಂದೊಂದು ದಿನ ಡ್ರೆಸ್ಸೇಜ್ ಎಂಬ ಅಶ್ವ ಸ್ಪರ್ಧೆಯಲ್ಲಿ ಭಾರತದ ಪರವಾಗಿ ಸ್ಪರ್ಧಿಸಬೇಕು ಎಂಬುದು ನನ್ನ ಗುರಿ. ಅಪ್ಪ ಸಹಕಾರಿ ಬ್ಯಾಂಕಿನ ನೌಕರ, ಅಮ್ಮ ಶಾಲಾ ಶಿಕ್ಷಕಿ. ನಮ್ಮ ಮನೆಯಲ್ಲಿ ಕುದುರೆ ಕೊಳ್ಳುವ ಮಾತೇ ಏಳುವುದಿಲ್ಲ. ಆದ್ದರಿಂದ ಕುದುರೆ ಇಲ್ಲದವಳು ಎಲ್ಲಿಂದ ಆರಂಭಿಸಬಹುದು ಎಂಬ ಪ್ರಶ್ನೆಯನ್ನೇ ಮೊದಲು ಇಟ್ಟುಕೊಂಡು ಯೋಜನೆ ಬರೆದೆ.

ಒಲಿಂಪಿಕ್ಸ್‌ನಲ್ಲಿ ಮೂರು ಬಗೆಯ ಅಶ್ವ ಸ್ಪರ್ಧೆಗಳಿವೆ: ಅಡೆತಡೆ ಹಾರಿಸುವ ಷೋ ಜಂಪಿಂಗ್, ನಡಿಗೆಯ ನಿಖರತೆಯನ್ನು ಅಳೆಯುವ ಡ್ರೆಸ್ಸೇಜ್, ಇವೆರಡರ ಜೊತೆಗೆ ಬಯಲಿನ ಓಟವೂ ಸೇರುವ ಈವೆಂಟಿಂಗ್. ನಮ್ಮ ಊರಿನ ಮಕ್ಕಳಿಗೆ ಮೊದಲು ಕಣ್ಣಿಗೆ ಬೀಳುವುದು ಈವೆಂಟಿಂಗ್, ಏಕೆಂದರೆ ಫವಾದ್ ಮಿರ್ಜಾ ಬೆಂಗಳೂರಿನವರು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ವೈಯಕ್ತಿಕ ಹಾಗೂ ತಂಡ ವಿಭಾಗಗಳೆರಡರಲ್ಲೂ ಬೆಳ್ಳಿ ಗೆದ್ದ ಅವರು ಟೋಕಿಯೊ ಒಲಿಂಪಿಕ್ಸ್‌ನಲ್ಲಿ 23ನೇ ಸ್ಥಾನ ಪಡೆದರು. ಆದರೆ ಬಯಲಿನ ಓಟದ ಅಭ್ಯಾಸಕ್ಕೆ ದೊಡ್ಡ ಜಾಗ ಬೇಕು, ಅದಕ್ಕೆ ತಕ್ಕ ಕುದುರೆಯೂ ಬೇಕು. ಡ್ರೆಸ್ಸೇಜ್‌ನ ಆರಂಭದ ಹಂತಗಳಿಗೆ 20 ಮೀಟರ್ ಅಗಲ, 40 ಮೀಟರ್ ಉದ್ದದ ಅಂಕಣ ಸಾಕು. ಶಾಲೆಯ ಯಾವ ಕುದುರೆಯ ಮೇಲೆ ಕೂತರೂ ಕಲಿಯಲು ಏನಾದರೂ ಇದ್ದೇ ಇರುತ್ತದೆ. ಇನ್ನೊಂದು ಕಾರಣ ಅಂಕಪಟ್ಟಿ. ಪ್ರತಿಯೊಂದು ಚಲನೆಗೂ 0ಯಿಂದ 10ರವರೆಗೆ ಅಂಕ ಕೊಟ್ಟು, ಪಕ್ಕದಲ್ಲಿ ತೀರ್ಪುಗಾರರು ಟಿಪ್ಪಣಿ ಬರೆಯುತ್ತಾರೆ. ಸೋತರೂ ಎಲ್ಲಿ ಸೋತೆ ಎಂಬುದು ಕೈಯಲ್ಲಿರುತ್ತದೆ.

ನನ್ನ ಅಭ್ಯಾಸವೆಲ್ಲ ಆ ಹಾಳೆಗಳನ್ನು ಆಧರಿಸಿಯೇ ನಡೆಯುತ್ತದೆ. ಸ್ಪರ್ಧೆ ಮುಗಿದ ಕೂಡಲೇ ಅತಿ ಕಡಿಮೆ ಅಂಕ ಬಂದ ಎರಡು ಚಲನೆಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು, ಮುಂದಿನ ಕೆಲವು ವಾರ ಅವುಗಳನ್ನೇ ಹಿಡಿಯುತ್ತೇನೆ. ಬಹುಕಾಲ ಕಾಡಿದ್ದು ನಿಲುಗಡೆ. ಕುದುರೆ ನಾಲ್ಕು ಕಾಲುಗಳನ್ನೂ ಚೌಕವಾಗಿ ಊರಿ, ಭಾರವನ್ನು ಸಮನಾಗಿ ಹಂಚಿಕೊಂಡು ನಿಲ್ಲಬೇಕು. "ಕೈಯಿಂದ ನಿಲ್ಲಿಸಬೇಡಮ್ಮ, ಬೆನ್ನಿನಿಂದ ನಿಲ್ಲಿಸು" ಎಂದು ನಮ್ಮ ತರಬೇತುದಾರರು ಹೇಳುತ್ತಲೇ ಇರುತ್ತಾರೆ. ಲಗಾಮು ಎಳೆದರೆ ಮುಂಗಾಲು ನಿಂತು ಹಿಂಗಾಲು ಹಿಂದೆಯೇ ಉಳಿಯುತ್ತದೆ. ಬೆನ್ನು ನೆಟ್ಟಗೆ ಮಾಡಿ, ಎರಡೂ ಕಾಲುಗಳಿಂದ ಪಕ್ಕೆಯನ್ನು ಮೆತ್ತಗೆ ಒತ್ತಿ ಹಿಡಿದರೆ ಹಿಂಗಾಲು ಹೊಟ್ಟೆಯಡಿಗೆ ಬಂದು ನಿಲ್ಲುತ್ತದೆ.

ನಾನು ಹೆಚ್ಚಾಗಿ ಸವಾರಿ ಮಾಡುವುದು ಕಸ್ತೂರಿಯನ್ನು. ಅವಳು ರೇಸಿನಿಂದ ನಿವೃತ್ತಳಾಗಿ ಬಂದ ಥರೋಬ್ರೆಡ್, ಅಂದರೆ ಓಟಕ್ಕೆಂದೇ ಬೆಳೆಸುವ ತಳಿಯ ಕುದುರೆ. ನಮ್ಮ ದೇಶದ ಸವಾರಿ ಶಾಲೆಗಳಲ್ಲಿ ಇಂಥ ಕುದುರೆಗಳು ಬಹಳ. ಹೆಚ್ಚಿನವರು ಇದನ್ನು ಕೊರತೆಯೆಂದು ಭಾವಿಸುತ್ತಾರೆ. ನನಗೆ ಇದು ನಮಗೆ ಸಿಕ್ಕಿರುವ ದೊಡ್ಡ ಅವಕಾಶವಾಗಿ ಕಾಣುತ್ತದೆ. ಓಟದ ಕುದುರೆಗೆ ಲಗಾಮು ಬಿಗಿಯಾದರೆ ಅದರ ಮೇಲೆ ಬಾಯಿಯೂರಿ ಇನ್ನೂ ಜೋರಾಗಿ ಓಡುವುದೇ ಅಭ್ಯಾಸ. ಜಾಕಿಗಳು ಪಾದ ಊರುವ ರಿಕಾಪನ್ನು ಗಿಡ್ಡವಾಗಿಟ್ಟು ಮೇಲೆ ಬಾಗಿ ಕೂರುವುದರಿಂದ, ಪಕ್ಕೆಗೆ ಉದ್ದ ಕಾಲುಗಳು ತಾಗಿದರೆ ಅದು ಬೆಚ್ಚುತ್ತದೆ. ಆದ್ದರಿಂದ ಕಸ್ತೂರಿಯ ಜೊತೆ ಉದ್ದ ಲಗಾಮಿನ ನಡಿಗೆಯಿಂದ ಶುರು ಮಾಡಿದೆವು. ಬಳಿಕ 20 ಮೀಟರ್ ವೃತ್ತಗಳು, ನಡಿಗೆಯಿಂದ ಟ್ರಾಟ್ ಎಂಬ ಕುಲುಕು ಓಟಕ್ಕೆ, ಟ್ರಾಟ್‌ನಿಂದ ಮತ್ತೆ ನಡಿಗೆಗೆ, ನೆಲದ ಮೇಲಿಟ್ಟ ಕೋಲುಗಳನ್ನು ದಾಟುವುದು. ವೃತ್ತದ ಒಳಬದಿಯ ನನ್ನ ಕಾಲಿನಿಂದ ಒತ್ತಿ ಹೊರಬದಿಯ ಲಗಾಮಿನ ಕಡೆಗೆ ತಳ್ಳುವುದನ್ನು ಅವಳು ಅರ್ಥ ಮಾಡಿಕೊಂಡ ಮೇಲೆ ಅವಳ ಕುತ್ತಿಗೆ ತಾನಾಗಿ ಮೆತ್ತಗಾಯಿತು. ಪಳಗಿದ ದುಬಾರಿ ಕುದುರೆಯ ಮೇಲೆ ಕೂತಿದ್ದರೆ ಇದನ್ನು ಕಲಿಯುವ ಅಗತ್ಯವೇ ಬರುತ್ತಿರಲಿಲ್ಲ. ಮುಂದೆ ಯಾರಾದರೂ ತಮ್ಮ ಕುದುರೆಯನ್ನು ನನ್ನ ಕೈಗೆ ಕೊಡುವುದಿದ್ದರೆ ಈ ವಿದ್ಯೆಯನ್ನು ನಂಬಿಯೇ ಕೊಡುತ್ತಾರೆ.

ಲಾಯದ ಕೆಲಸವನ್ನೂ ಯೋಜನೆಯೊಳಗೇ ಸೇರಿಸಿದ್ದೇನೆ. ರಜಾದಿನಗಳಲ್ಲಿ ಲದ್ದಿ ತೆಗೆಯುವುದು, ಗೊರಸಿನೊಳಗಿನ ಮಣ್ಣು ಕಲ್ಲು ಬಿಡಿಸುವುದು, ಜೀನು ಒರೆಸಿ ಎಣ್ಣೆ ಹಚ್ಚುವುದು, ಲಾಳ ಕಟ್ಟುವವರು ಬಂದಾಗ ಕುದುರೆ ಹಿಡಿದು ನಿಲ್ಲುವುದು. ಇದಕ್ಕೆ ಪ್ರತಿಯಾಗಿ ಶಾಲೆ ಶುಲ್ಕದಲ್ಲಿ ರಿಯಾಯಿತಿ ಕೊಡುತ್ತದೆ. ಆದರೆ ಲಾಭವೆಲ್ಲ ಹಣದಲ್ಲಿಲ್ಲ. ಕುದುರೆಗಳನ್ನು ನೋಡಿಕೊಳ್ಳುವ ನಮ್ಮ ಸೈಸ್ ಅಣ್ಣ ಕುದುರೆಯ ಪಕ್ಕೆಗೆ ಕಿವಿಯಿಟ್ಟು ಕರುಳಿನ ಸದ್ದು ಕೇಳುವುದನ್ನು ಕಲಿಸಿದರು. ಕುದುರೆಗೆ ವಾಂತಿ ಮಾಡಲಾಗುವುದಿಲ್ಲ. ಹೊಟ್ಟೆಶೂಲೆ ಬಂದರೆ ಜೀವಕ್ಕೇ ಅಪಾಯ. ಸದ್ದು ನಿಂತರೆ ಕೂಡಲೇ ವೈದ್ಯರನ್ನು ಕರೆಯಬೇಕು. ವಿಶ್ರಾಂತಿಯಲ್ಲಿರುವ ಕುದುರೆಯ ನಾಡಿ ನಿಮಿಷಕ್ಕೆ ಸುಮಾರು 28ರಿಂದ 44. ದವಡೆಯ ಕೆಳಗೆ ಬೆರಳಿಟ್ಟು ಎಣಿಸಲು ಈಗ ನನಗೆ ಬರುತ್ತದೆ.

ಖರ್ಚಿನ ವಿಷಯದಲ್ಲಿ ನನ್ನ ಖಚಿತ ಅಭಿಪ್ರಾಯ ಒಂದಿದೆ: ಮೊದಲ ಹಣ ಹೆಲ್ಮೆಟ್‌ಗೆ, ಬೂಟು ಆಮೇಲೆ. ಬಿದ್ದಾಗ ತಲೆಗೆ ಪೆಟ್ಟು ಬಿದ್ದಿದ್ದರೆ, ಹೊರಗೆ ಬಿರುಕು ಕಾಣದಿದ್ದರೂ ಆ ಹೆಲ್ಮೆಟ್ ಬದಲಾಯಿಸಲೇಬೇಕು. ಬೇರೆಯವರು ಬಳಸಿದ ಬೂಟು ಕೊಳ್ಳಬಹುದು, ಹೆಲ್ಮೆಟ್ ಕೊಳ್ಳಬಾರದು.

ಇನ್ನು ಹೊರದೇಶದ ಮಾತು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ನಮ್ಮ ಡ್ರೆಸ್ಸೇಜ್ ತಂಡ ಚಿನ್ನ ಗೆದ್ದಾಗ ಕುಣಿದಾಡಿದವರಲ್ಲಿ ನಾನೂ ಒಬ್ಬಳು. ಆ ತಂಡದ ಸವಾರರು ತರಬೇತಿ ಪಡೆದದ್ದು ಯುರೋಪಿನಲ್ಲಿ. ಅವರಲ್ಲಿ ಅನುಷ್ ಅಗರವಾಲಾ ಹದಿನೇಳರ ಹರೆಯದಲ್ಲಿ ಕೋಲ್ಕತ್ತಾದಿಂದ ಜರ್ಮನಿಗೆ ಹೋದವರು, ಮುಂದೆ ಪ್ಯಾರಿಸ್ ಒಲಿಂಪಿಕ್ಸ್‌ವರೆಗೆ ತಲುಪಿದರು. ರೋಗ ನಿಯಂತ್ರಣದ ನಿಯಮಗಳಿಂದಾಗಿ ಇಲ್ಲಿನ ಕುದುರೆಯನ್ನು ಯುರೋಪಿನ ಸ್ಪರ್ಧೆಗೆ ಕೊಂಡೊಯ್ಯುವುದು ಬಹಳ ಕಷ್ಟ. 2025ರಲ್ಲಿ ಮೀರತ್‌ನ ಸೇನಾ ಪಶುವೈದ್ಯಕೀಯ ಕೇಂದ್ರದ ರೋಗಮುಕ್ತ ಅಶ್ವ ಘಟಕಕ್ಕೆ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮಾನ್ಯತೆ ದೊರೆತ ಸುದ್ದಿ ಓದಿ, ಇಲ್ಲಿನ ಕುದುರೆಗಳಿಗೂ ಹೊರದೇಶದ ದಾರಿ ತೆರೆಯಬಹುದೆಂದು ನನಗೆ ಪದಕ ಬಂದಷ್ಟೇ ಸಂತೋಷವಾಯಿತು.

ಮನೆಯಲ್ಲಿ ಒಪ್ಪಿಸಬೇಕಿದ್ದದ್ದು ಅಮ್ಮನನ್ನು. "ಹತ್ತು ವರ್ಷವಾದರೂ ಯಾರೂ ಕುದುರೆ ಕೊಡದಿದ್ದರೆ ಏನು ಮಾಡುತ್ತೀಯ?" ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರವಾಗಿಯೇ ಪಶುವೈದ್ಯಕೀಯ ನನ್ನ ಯೋಜನೆಗೆ ಬಂತು. ಐದೂವರೆ ವರ್ಷದ ಪದವಿ, ಹೆಬ್ಬಾಳದಲ್ಲೇ ಕಾಲೇಜಿದೆ, ಲಾಯ ಅಲ್ಲಿಂದ ದೂರವಿಲ್ಲ. ಫವಾದ್ ಅವರ ತಂದೆಯೂ ಕುದುರೆಗಳ ವೈದ್ಯರೇ ಎಂದು ಹೇಳಿದಾಗ ಅಮ್ಮನಿಗೆ ಸ್ವಲ್ಪ ಧೈರ್ಯ ಬಂತು. ಸೀಟು ಸಿಗದಿದ್ದರೆ ಜರ್ಮನಿಯ ದಾರಿಯಿದೆ. ಅಲ್ಲಿ ಕುದುರೆ ಸಾಕಣೆ ಮತ್ತು ತರಬೇತಿಗೆಂದೇ ಮೂರು ವರ್ಷದ ವೃತ್ತಿ ಶಿಕ್ಷಣವಿದೆ, ಕಲಿಯುವವರಿಗೆ ಭತ್ಯೆಯನ್ನೂ ಕೊಡುತ್ತಾರೆ. ಅದಕ್ಕಾಗಿ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಕಲಿಯಲು ಸೇರಿದ್ದೇನೆ. ಪರೀಕ್ಷೆ ಮುಗಿಯುವವರೆಗೆ ಸವಾರಿ ವಾರಾಂತ್ಯಕ್ಕೆ ಮಾತ್ರ ಎಂದು ಅಮ್ಮನೂ ನಾನೂ ಮಾತಾಡಿಕೊಂಡಿದ್ದೇವೆ. ಬೇಸಿಗೆ ರಜೆಯಲ್ಲಿ ಕಸ್ತೂರಿಗೆ ಕಾಲಿನ ಒತ್ತಡಕ್ಕೆ ಪಕ್ಕಕ್ಕೆ ಸರಿಯುವುದನ್ನು ಕಲಿಸಬೇಕು.