ಬಜೆಟ್ಟಲ್ಲಿ ನಮ್ಮ ಜಿಲ್ಲೆಗೆ ಎಂತ ಬಂತು, ಟ್ಯಾಕ್ಸ್ ಎಲ್ಲಿ ಏರ್ತು, ಓಸಿ ಜೂಜಿಗೆ ಯಾವ ಕಾಯ್ದೆ: ಕಾರವಾರದಲ್ಲಿ ಕೂತೇ ನೋಡೂದು ಹೇಗೆ

ರಾಜ್ಯದ ಬಜೆಟ್ ಮಂಡನೆ ಆದ ಸಂಜೆ ಜಿಲ್ಲೆಯ ವಾಟ್ಸಾಪ್ ಗ್ರೂಪಲ್ಲೆಲ್ಲ ಎರಡೇ ಮೆಸೇಜ್ ತಿರುಗ್ತಿರ್ತದೆ, ಒಂದು "ಉತ್ತರ ಕನ್ನಡಕ್ಕೆ ಬಂಪರ್", ಇನ್ನೊಂದು "ಉತ್ತರ ಕನ್ನಡಕ್ಕೆ ಚೊಂಬು". ಎರಡೂ ಕಡೆಯವರು ಪುಸ್ತಕ ತೆಗೆದು ನೋಡಿರೂದಿಲ್ಲ ಮಾರಾಯ್ರೆ, ಟಿವಿ ಕೆಳಗೆ ಓಡಿದ ಪಟ್ಟಿ ನೋಡಿ ಹೇಳೂದು. ನೋಡೂದೇನು ಕಷ್ಟ ಇಲ್ಲ, ಎಲ್ಲ ಕನ್ನಡದಲ್ಲೇ ಇರ್ತದೆ, ಮೊಬೈಲಲ್ಲೇ ಸಿಗ್ತದೆ. ಯಾವ ಕಾಗದ ಯಾವ ಕೆಲಸಕ್ಕೆ ಅಂತ ಗೊತ್ತಿದ್ರೆ ಸಾಕು.

ಮೊದಲು ಬಜೆಟ್ಟೇ ನೋಡುವ. ಹಣಕಾಸು ಇಲಾಖೆ ವೆಬ್‌ಸೈಟಲ್ಲಿ ಆಯವ್ಯಯ ಅಂತ ಒಂದು ಭಾಗ ಇದೆ, ಅದರಲ್ಲಿ ಭಾಷಣದ ಪಿಡಿಎಫ್ ಎಲ್ಲರೂ ಇಳಿಸಿಕೊಳ್ತಾರೆ, "ಕಾರವಾರ" "ಶಿರಸಿ" "ಅಂಕೋಲಾ" ಅಂತ ಹುಡುಕಿ ಎರಡು ಸಾಲು ಸಿಕ್ಕಿದ್ರೆ ಖುಷಿಯಾಗಿ ಮುಚ್ಚಿಡ್ತಾರೆ. ಆದರೆ ಭಾಷಣ ಅಂದ್ರೆ ಭಾಷಣ ಅಷ್ಟೇ, "ಕ್ರಮ ಕೈಗೊಳ್ಳಲಾಗುವುದು", "ಪರಿಶೀಲಿಸಲಾಗುವುದು" ಅನ್ನುವ ಸಾಲಿಗೆ ಬಿಡಿಗಾಸೂ ಇರಬೇಕು ಅಂತಿಲ್ಲ. ದುಡ್ಡು ಇರೂದು ಅದರ ಜೊತೆಗೇ ಹಾಕಿರುವ ದಪ್ಪ ದಪ್ಪ ಸಂಪುಟಗಳಲ್ಲಿ, ಅನುದಾನ ಬೇಡಿಕೆಗಳು ಅಂತ ಇರ್ತದೆ ನೋಡಿ, ಅಲ್ಲಿ. ಒಂದೊಂದು ಇಲಾಖೆಗೆ ಒಂದೊಂದು ಬೇಡಿಕೆ ಸಂಖ್ಯೆ. ಪಶುಸಂಗೋಪನೆ ಮತ್ತು ಮೀನುಗಾರಿಕೆ 2, ಲೋಕೋಪಯೋಗಿ 20, ಆರೋಗ್ಯ 22. ನಮ್ಮ ಕಡೆಯವರಿಗೆ ಈ ಮೂರು ಗೊತ್ತಿದ್ರೆ ಅರ್ಧ ಕೆಲಸ ಆಯ್ತು.

ಒಳಗೆ ಹೋದ್ರೆ ಲೆಕ್ಕ ಶೀರ್ಷಿಕೆ ಅಂತ ಉದ್ದುದ್ದ ನಂಬರ್ ಸಾಲು. ಹೆದರೂದು ಬೇಡ, ಮೊದಲಿನ ನಾಲ್ಕು ಅಂಕಿ ಓದಲಿಕ್ಕೆ ಬಂದ್ರೆ ಆಯ್ತು. 2 ಅಥವಾ 3ರಿಂದ ಶುರುವಾದ್ರೆ ರಾಜಸ್ವ ವೆಚ್ಚ, ಅಂದ್ರೆ ಸಂಬಳ, ಸಬ್ಸಿಡಿ, ರಿಪೇರಿ, ದಿನದ ಖರ್ಚು. 4 ಅಥವಾ 5ರಿಂದ ಶುರುವಾದ್ರೆ ಬಂಡವಾಳ ವೆಚ್ಚ, ಅಂದ್ರೆ ಕಟ್ಟಡ, ಸೇತುವೆ, ಜೆಟ್ಟಿ. 6 ಮತ್ತು 7 ಸಾಲದ್ದು. ಸೊನ್ನೆಯಿಂದ ಶುರುವಾದ್ರೆ ಅದು ಖರ್ಚೇ ಅಲ್ಲ, ಸರ್ಕಾರಕ್ಕೆ ಬರುವ ಆದಾಯ, ಉದಾಹರಣೆಗೆ 0039 ಅಬಕಾರಿ, 0030 ಮುದ್ರಾಂಕ ಮತ್ತು ನೋಂದಣಿ. 2405 ಮೀನುಗಾರಿಕೆಯ ದಿನದ ಖರ್ಚು, 4405 ಅದರದ್ದೇ ಬಂಡವಾಳ, 5051 ಬಂದರು, 3054 ರಸ್ತೆ ರಿಪೇರಿ, 5054 ಹೊಸ ರಸ್ತೆ ಸೇತುವೆ. ಈಗ ತದಡಿಯದ್ದೋ ಹೊನ್ನಾವರದ್ದೋ ಅಳಿವೆ ಹೂಳೆತ್ತೂದು ಅಂತ ಭಾಷಣದಲ್ಲಿ ಬಂತು ಅಂತಿಟ್ಟುಕೊಳ್ಳಿ, 4405 ಮತ್ತು 5051 ಎರಡೂ ಕಡೆ ಹುಡುಕಿ, ಸಾಲೇ ಇಲ್ಲ ಅಂದ್ರೆ ಆ ಘೋಷಣೆಗೆ ಬೇರೆ ಯಾವುದೋ ತಲೆಬರಹದ ಕೆಳಗೆ ಇಟ್ಟಿದ್ದಾರಾ ಅಥವಾ ಇಡಲೇ ಇಲ್ಲವಾ ಅಂತ ಕೇಳುವ ಹಕ್ಕು ನಿಮಗೆ ಬಂತು ಅಂತ ಲೆಕ್ಕ.

ಪ್ರತಿ ಸಾಲಿನ ಎದುರು ನಾಲ್ಕು ಕಾಲಂ ಇರ್ತದೆ. 2025-26ರ ಪುಸ್ತಕ ತೆಗೆದ್ರೆ, 2023-24ರ ಲೆಕ್ಕ, 2024-25ರ ಆಯವ್ಯಯ ಅಂದಾಜು, ಅದೇ ವರ್ಷದ ಪರಿಷ್ಕೃತ ಅಂದಾಜು, ಕೊನೆಗೆ 2025-26ರ ಅಂದಾಜು. ಎಲ್ಲರೂ ನೋಡೂದು ಕೊನೆಯ ಕಾಲಂ. ನಾನು ಹೇಳೂದಾದ್ರೆ ನೀವು ಮೊದಲು ನೋಡಬೇಕಾದ್ದು ನಡುವಿನ ಎರಡು. ಹೋದ ವರ್ಷ ಹತ್ತು ಕೋಟಿ ಅಂತ ಇಟ್ಟು ಪರಿಷ್ಕೃತದಲ್ಲಿ ಎರಡು ಕೋಟಿಗೆ ಇಳಿಸಿದ್ರೆ ಈ ವರ್ಷದ ಹನ್ನೆರಡು ಕೋಟಿ ಎಷ್ಟು ನಂಬಬೇಕು ಅಂತ ನಿಮಗೇ ಗೊತ್ತಾಗ್ತದೆ. ಅಂಕಿ ಲಕ್ಷ ರೂಪಾಯಿ ಲೆಕ್ಕದಲ್ಲಿ ಇರ್ತದೆ, 100 ಅಂತ ಇದ್ರೆ ಒಂದು ಕೋಟಿ, ಇದು ನೋಡದೆ ಜಗಳ ಮಾಡುವವರು ಸುಮಾರು ಜನ ಇದ್ದಾರೆ. ಇನ್ನೊಂದು, 1.00 ಅಂತ ಮಾತ್ರ ಇರುವ ಸಾಲು ಸಿಗ್ತದೆ ಕೆಲವು ಸಲ, ಅದು ಟೋಕನ್, ಬಾಗಿಲು ತೆರೆದಿಟ್ಟದ್ದು ಅಷ್ಟೇ, ಒಳಗೆ ಎಂತ ಇಲ್ಲ.

ಒಟ್ಟು ಗಾತ್ರದ ಅಂಕಿ ತಲೆಗೆ ಹಚ್ಚಿಕೊಳ್ಳೂದು ಬೇಡ. 2025ರ ಮಾರ್ಚ್ 7ಕ್ಕೆ ಸಿದ್ದರಾಮಯ್ಯನವರು ಮಂಡಿಸಿದ್ದು 4,09,549 ಕೋಟಿಯ ಬಜೆಟ್, ಅವರ 16ನೆಯದ್ದು, ಅದರಲ್ಲಿ ಗ್ಯಾರಂಟಿಗಳಿಗೇ 51 ಸಾವಿರ ಕೋಟಿ ಚಿಲ್ಲರೆ. ಇದು ಚರ್ಚೆಗೆ ಅಡ್ಡಿಲ್ಲ, ಆದರೆ ಹೂಳು ಎತ್ತಿದ್ರಾ ಇಲ್ಲವಾ ಅನ್ನೂದು ಇದರಲ್ಲಿ ಗೊತ್ತಾಗೂದಿಲ್ಲ. ಮತ್ತೆ ಬಜೆಟ್ ಅಂದ್ರೆ ಮಾರ್ಚಿಗೆ ಮುಗೀತು ಅಂತಲೂ ತಿಳಕೊಬೇಡಿ, ವರ್ಷದ ನಡುವೆ ಅಧಿವೇಶನ ಸೇರಿದಾಗ ಪೂರಕ ಅಂದಾಜು ಅಂತ ಇನ್ನೊಂದು ಪುಸ್ತಕ ಬರ್ತದೆ, ಗಲಾಟೆ ಧರಣಿ ನಡುವೆ ಧ್ವನಿಮತದಲ್ಲಿ ಪಾಸಾಗಿ ಹೋಗ್ತದೆ, ಪೇಪರಲ್ಲಿ ಒಳಪುಟದ ಸುದ್ದಿ. ಬಿಟ್ಟುಹೋದ ಕಾಮಗಾರಿ ಎಷ್ಟೋ ಸಲ ಅಲ್ಲಿ ಬಂದು ಕೂತಿರ್ತದೆ.

ಇಟ್ಟ ದುಡ್ಡು ಖರ್ಚಾಯ್ತಾ ಅಂತ ನೋಡಲಿಕ್ಕೆ ಮಾಹಿತಿ ಹಕ್ಕು. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ದಾಟಬಾರದು, ಒಂದು ಅರ್ಜಿಗೆ ಒಂದೇ ವಿಷಯ, ಶುಲ್ಕ 10 ರೂಪಾಯಿ, ಬಿಪಿಎಲ್ ಇದ್ರೆ ಅದೂ ಇಲ್ಲ, 30 ದಿನದಲ್ಲಿ ಉತ್ತರ ಕೊಡಬೇಕು. ಕಥೆ ಬರೀಬೇಡಿ. "ಲೆಕ್ಕ ಶೀರ್ಷಿಕೆ 4405ರ ಅಡಿ ಇಂಥಾ ಬಂದರಿನ ಹೂಳೆತ್ತುವ ಕಾಮಗಾರಿಗೆ 2025-26ರಲ್ಲಿ ಒದಗಿಸಿದ ಅನುದಾನ ಎಷ್ಟು, ಬಿಡುಗಡೆ ಆದದ್ದು ಎಷ್ಟು, ಖರ್ಚಾದದ್ದು ಎಷ್ಟು, ಆಡಳಿತಾತ್ಮಕ ಮಂಜೂರಾತಿ ಆದೇಶದ ದೃಢೀಕೃತ ಪ್ರತಿ ಕೊಡಿ", ಇಷ್ಟೇ ಬರೆದ್ರೆ ಸಾಕು. "ಯಾಕೆ ಮಾಡಲಿಲ್ಲ" ಅಂತ ಕೇಳಿದ್ರೆ ಅದು ಮಾಹಿತಿ ಅಲ್ಲ ಅಂತ ವಾಪಸ್ ಕಳಿಸ್ತಾರೆ, ಆ ಸಂತೋಷ ಅವರಿಗೆ ಕೊಡೂದು ಎಂತಕ್ಕೆ.

ಇನ್ನು ಟ್ಯಾಕ್ಸ್. ಇಲ್ಲಿ ಜನ ಮೋಸ ಹೋಗೂದು ಎಲ್ಲಿ ಅಂದ್ರೆ, ಬಜೆಟಲ್ಲಿ ತೆರಿಗೆ ಏರಿಸಲಿಲ್ಲ ಅಂದ ಕೂಡ್ಲೆ ಆ ವರ್ಷ ಏರೂದಿಲ್ಲ ಅಂತ ನಂಬಿಬಿಡೂದು. 2024ರ ಜೂನ್ 15ಕ್ಕೆ ಪೆಟ್ರೋಲ್ ಮಾರಾಟ ತೆರಿಗೆ 25.92ರಿಂದ 29.84 ಪರ್ಸೆಂಟಿಗೆ ಹೋಯ್ತು, ಡೀಸೆಲ್ 14.34ರಿಂದ 18.44ಕ್ಕೆ. ಅಧಿವೇಶನ ಇಲ್ಲ, ಚರ್ಚೆ ಇಲ್ಲ, ಒಂದು ಅಧಿಸೂಚನೆ ಅಷ್ಟೇ. 2025ರ ಏಪ್ರಿಲ್ 1ಕ್ಕೆ ಡೀಸೆಲ್ ಮತ್ತೆ 21.17 ಆಯ್ತು. ಆಸ್ತಿ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1 ಪರ್ಸೆಂಟ್ ಇದ್ದದ್ದು 2 ಪರ್ಸೆಂಟ್, ಶಿರಸಿಯಲ್ಲಿ 20 ಲಕ್ಷದ ಸೈಟ್ ತಗೊಂಡವರಿಗೆ 20 ಸಾವಿರದ ಜಾಗದಲ್ಲಿ 40 ಸಾವಿರ, ಅದೂ ಬಜೆಟ್ ಆಗಿ ಐದು ತಿಂಗಳ ಮೇಲೆ. ಮೂಲ ಕಾಯ್ದೆಯಲ್ಲೇ ಸರ್ಕಾರಕ್ಕೆ ಆ ಅಧಿಕಾರ ಕೊಟ್ಟಿರ್ತಾರೆ, ಹಾಗಾಗಿ ಸದನಕ್ಕೆ ಹೋಗುವ ಅಗತ್ಯವೇ ಇಲ್ಲ. ಕಾರವಾರದವರು ಗೋವಾ ಗಡಿಯ ಪೋಳೆಂ ದಾಟಿ ಟ್ಯಾಂಕ್ ತುಂಬಿಸಿಕೊಂಡು ಬರೂದು ಈ ಅಧಿಸೂಚನೆಗಳ ಪುಣ್ಯ! ಯಾಂತ್ರೀಕೃತ ದೋಣಿಯವರಿಗೆ ಕರರಹಿತ ಡೀಸೆಲ್ ಕೋಟಾ ಇದೆ, ಮೀನು ಸಾಗಿಸುವ ಲಾರಿಗೆ ಅದಿಲ್ಲ, ಮತ್ತೆ ಬಂಗಡೆ ರೇಟ್ ಯಾಕೆ ಏರ್ತು ಅಂತ ಮಾರುಕಟ್ಟೆಯಲ್ಲಿ ಮೀನು ಮಾರುವ ಅಕ್ಕನ ಹತ್ರ ಜಗಳ ಮಾಡಿ ಎಂತ ಪ್ರಯೋಜನ.

ಹಾಗಾಗಿ ನೋಡಬೇಕಾದ್ದು ರಾಜ್ಯಪತ್ರ, ಅಂದ್ರೆ ಸರ್ಕಾರದ ಗೆಜೆಟ್. ಇ-ರಾಜ್ಯಪತ್ರ ಸೈಟಲ್ಲಿ ವಿಶೇಷ ಸಂಚಿಕೆಗಳು ದಿನಾ ಬರ್ತವೆ. ಕೆಲವು ಅಧಿಸೂಚನೆ ಮೊದಲು ಕರಡು ಅಂತ ಬರ್ತದೆ, ಇಂತಿಷ್ಟು ದಿನದೊಳಗೆ ಆಕ್ಷೇಪಣೆ ಸಲ್ಲಿಸಿ ಅಂತ ಕೆಳಗೇ ಬರೆದಿರ್ತದೆ, ಅಬಕಾರಿ ದರ ಏರಿಸುವಾಗ ಹೀಗೆ ಕರಡು ಹೊರಡಿಸೂದು ರೂಢಿ. ಲೈಸೆನ್ಸಿನವರು ತಪ್ಪದೆ ಆಕ್ಷೇಪಣೆ ಹಾಕ್ತಾರೆ. ನಾವು ನೀವು ಹಾಕೂದಿಲ್ಲ.

ಸದನದಲ್ಲೇ ಆಗಬೇಕಾದ ತೆರಿಗೆಯೂ ಇದೆ, ವೃತ್ತಿ ತೆರಿಗೆ ಒಳ್ಳೆ ಉದಾಹರಣೆ. ಸಂವಿಧಾನದ 276ನೇ ವಿಧಿಯಲ್ಲಿ ವರ್ಷಕ್ಕೆ 2,500 ದಾಟಬಾರದು ಅಂತ ಇದೆ. ನಮ್ಮಲ್ಲಿ ತಿಂಗಳಿಗೆ 200, ಅಂದ್ರೆ 2,400, ನೂರು ರೂಪಾಯಿ ಬಿಟ್ಟುಹೋಗ್ತಿತ್ತು. 2025ರ ತಿದ್ದುಪಡಿಯಲ್ಲಿ ಫೆಬ್ರವರಿ ಒಂದು ತಿಂಗಳು ಮಾತ್ರ 300 ಅಂತ ಮಾಡಿದ್ರು, ಲೆಕ್ಕ ಸರಿಯಾಗಿ 2,500ಕ್ಕೆ ಬಂದು ನಿಂತಿತು. ಫೆಬ್ರವರಿ ಸಂಬಳದ ಸ್ಲಿಪ್ಪಲ್ಲಿ ಆ ಹೆಚ್ಚಿನ ನೂರು ಎಲ್ಲಿಂದ ಬಂತು ಅಂತ ಕೇಳುವವರಿಗೆ ಇದೇ ಉತ್ತರ.

ಇಂಥ ಕಾಯ್ದೆ ಸದನಕ್ಕೆ ಮೊದಲು ಬರೂದು ವಿಧೇಯಕ ಅಂತ, ಅಂದ್ರೆ ಬಿಲ್, ಅದನ್ನ ಓದೂದು ಹಿಂದಿನಿಂದ. ಕೊನೆಯಲ್ಲಿ ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ ಇರ್ತದೆ, ಅದರ ನಂತರ ಹಣಕಾಸು ಜ್ಞಾಪನ ಪತ್ರ, ತಿದ್ದುಪಡಿ ಆದ್ರೆ ಹಳೇ ಪ್ರಕರಣ ಹೇಗಿತ್ತು ಅಂತ ಅನುಬಂಧ. ಅದು ಮೂರು ಓದಿ ಆಮೇಲೆ ಮೊದಲ ಪುಟಕ್ಕೆ ಬಂದು ಒಂದನೇ ಖಂಡದಲ್ಲಿ ಯಾವಾಗ ಜಾರಿ ಅಂತ ನೋಡಿ. ರಾಜ್ಯಪಾಲರ ಅಂಕಿತ ಬಿದ್ದ ದಿನವೇ ಜಾರಿ ಅಂತ ಯಾವಾಗ್ಲೂ ಇರೂದಿಲ್ಲ, "ಸರ್ಕಾರ ಗೊತ್ತುಪಡಿಸುವ ದಿನಾಂಕದಿಂದ" ಅಂತ ಇದ್ರೆ ಇನ್ನೊಂದು ಅಧಿಸೂಚನೆ ಕಾಯಬೇಕು. ಧನ ವಿಧೇಯಕ, ಅಂದ್ರೆ ಬರೀ ತೆರಿಗೆ, ಸರ್ಕಾರದ ದುಡ್ಡಿನ ಬಿಲ್ ಆಗಿದ್ರೆ ವಿಧಾನ ಪರಿಷತ್ತಿಗೆ ತಡೆಯುವ ಅಧಿಕಾರ ಇಲ್ಲ, 14 ದಿನದಲ್ಲಿ ವಾಪಸ್ ಕಳಿಸಬೇಕು ಅಷ್ಟೇ. ಬೇರೆಯದ್ದಾದ್ರೆ ಬೀಳಿಸಬಹುದು. 2024ರ ಫೆಬ್ರವರಿಯಲ್ಲಿ ದೇವಸ್ಥಾನಗಳ ವಿಧೇಯಕ, ಅದೇ 10 ಲಕ್ಷಕ್ಕಿಂತ ಹೆಚ್ಚು ಆದಾಯ ಇದ್ರೆ 5 ಪರ್ಸೆಂಟ್, ಕೋಟಿ ದಾಟಿದ್ರೆ 10 ಪರ್ಸೆಂಟ್ ಅಂತಿದ್ದದ್ದು, 21ಕ್ಕೆ ವಿಧಾನಸಭೆಯಲ್ಲಿ ಪಾಸಾಗಿ 23ಕ್ಕೆ ಪರಿಷತ್ತಲ್ಲಿ ಬಿದ್ದುಹೋಯ್ತು. ಆಗ ಅದನ್ನ ಆಗ್ಲೇ ಕಾಯ್ದೆ ಆಯ್ತು ಅಂತ ಹಂಚಿದವರು ಎಷ್ಟು ಜನ!

ಜೂಜಿನ ಕಥೆ ನಮ್ಮ ಜಿಲ್ಲೆಯಲ್ಲಿ ಸ್ವಲ್ಪ ವಿಚಿತ್ರ, ಗೋವಾ ಗಡಿಯ ಮಾಜಾಳಿ ಚೆಕ್‌ಪೋಸ್ಟಿನ ಈಚೆ ಓಸಿ, ಅಂದ್ರೆ ನಂಬರಿಗೆ ದುಡ್ಡು ಕಟ್ಟುವ ಮಟ್ಕಾ ಜೂಜಿನ ಚೀಟಿ ಬರೆದವನ ಮೇಲೆ ಕೇಸು, ಆಚೆ ಪಣಜಿಯ ಮಾಂಡವಿ ನದಿಯಲ್ಲಿ ದೀಪ ಹಚ್ಚಿಕೊಂಡು ಕ್ಯಾಸಿನೋ ಹಡಗು. ಎರಡೂ ಕಾನೂನೇ. ಸಂವಿಧಾನದ ಏಳನೇ ಅನುಸೂಚಿಯ ರಾಜ್ಯಪಟ್ಟಿ 34ನೇ ನಮೂದಿನಲ್ಲಿ ಪಣ ಮತ್ತು ಜೂಜು ರಾಜ್ಯದ ವಿಷಯ, ಹಾಗಾಗಿ ಗೋವಾದವರು ತಮ್ಮ 1976ರ ಕಾಯ್ದೆಗೆ 1992ರಲ್ಲಿ ಫೈವ್ ಸ್ಟಾರ್ ಹೋಟೆಲಿನ ಸ್ಲಾಟ್ ಮಷೀನಿಗೂ 1996ರಲ್ಲಿ ಹಡಗಿಗೂ ದಾರಿ ಮಾಡಿಕೊಟ್ರು, ನಮ್ಮವರು 2007ರಲ್ಲಿ ಲಾಟರಿಯನ್ನೂ ನಿಲ್ಲಿಸಿದ್ರು. ಇಲ್ಲಿ ನಡೀತಿರೂದು 1963ರ ಕರ್ನಾಟಕ ಪೊಲೀಸ್ ಕಾಯ್ದೆ. ಪೇಪರಲ್ಲಿ "ಕಲಂ 78(3)" ಅಂತ ಬಂದ್ರೆ ಓಸಿ ಮಟ್ಕಾ, "ಕಲಂ 87" ಅಂದ್ರೆ ಬಯಲಲ್ಲಿ ಅಂದರ್ ಬಾಹರ್, ಕೋಳಿ ಅಂಕ ಈ ಥರದ್ದು. ಎಫ್ಐಆರ್ ಕಲಂ ನೋಡಿದ್ರೆ ಎಂತ ಆಟ ಅಂತ ಹೇಳಬಹುದು.

ಮೊಬೈಲ್ ಆಟದ್ದು ಬೇರೆ ದಾರಿ. 2021ರಲ್ಲಿ ಅದೇ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟ ನಿಷೇಧ ಮಾಡಿದ್ರು, ಅಕ್ಟೋಬರ್ 5ಕ್ಕೆ ಜಾರಿ ಆಯ್ತು, 2022ರ ಫೆಬ್ರವರಿ 14ಕ್ಕೆ ಹೈಕೋರ್ಟ್ ಅದರ ಮುಖ್ಯ ಭಾಗ ರದ್ದು ಮಾಡ್ತು, ಕೌಶಲ್ಯದ ಆಟವನ್ನೂ ಅದೃಷ್ಟದ ಆಟದ ಜೊತೆ ಸೇರಿಸಿದ್ದು ತಪ್ಪು ಅಂತ. ಆಮೇಲೆ ಕೇಂದ್ರದವರೇ 2025ರ ಆಗಸ್ಟಲ್ಲಿ ಕಾಯ್ದೆ ಮಾಡಿದ್ರು, 22ಕ್ಕೆ ರಾಷ್ಟ್ರಪತಿ ಅಂಕಿತ. ಅದರಲ್ಲಿ ಕೌಶಲ್ಯ, ಅದೃಷ್ಟ ಅಂತ ಭೇದವೇ ಇಲ್ಲ, ಆಡಿಸುವವನಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ, ಜಾಹೀರಾತು ಮಾಡಿದವನಿಗೆ 2 ವರ್ಷ, 50 ಲಕ್ಷ. ಆಡಿದವನಿಗೆ ಶಿಕ್ಷೆ ಇಲ್ಲ. ಆ ಕಾಯ್ದೆಯೂ ಕೋರ್ಟಿಗೆ ಹೋಗಿದೆ. ಮತ್ತೆ "ಜಿಎಸ್‌ಟಿ ತಗೊಳ್ತಾರಲ್ಲ, ಹಾಗಾದ್ರೆ ಲೀಗಲ್" ಅಂತ ವಾದ ಮಾಡುವ ಹುಡುಗರು ಇದ್ದಾರೆ, 2023ರ ಅಕ್ಟೋಬರ್ 1ರಿಂದ 28 ಪರ್ಸೆಂಟ್ ಹಾಕಿದ್ದೇನೋ ಹೌದು, ತೆರಿಗೆ ಹಾಕಿದ ಮಾತ್ರಕ್ಕೆ ಪರವಾನಗಿ ಕೊಟ್ಟ ಹಾಗೆ ಆಗೂದಿಲ್ಲ. ಆಪಲ್ಲಿ ದುಡ್ಡು ಕಳಕೊಂಡು ಮೋಸ ಆದ್ರೆ ಕೂಡ್ಲೆ 1930ಕ್ಕೆ ಫೋನ್ ಮಾಡಿ, ತಡ ಮಾಡಿದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ಹೋಗಿಬಿಡ್ತದೆ.

ಕೊನೆಗೆ ಶಾಸಕರು. ಹಳಿಯಾಳ, ಕಾರವಾರ, ಕುಮಟಾ, ಭಟ್ಕಳ, ಶಿರಸಿ, ಯಲ್ಲಾಪುರ, ಆರು ಕ್ಷೇತ್ರ ನಮ್ಮದು. ಮದುವೆ ಮನೆಯಲ್ಲಿ ಹಿಡಿದು "ಸರ್ ನಮ್ಮ ರಸ್ತೆ" ಅಂದ್ರೆ "ಹೂಂ ಮಾಡುವ" ಅಂತ ಹೇಳಿ ಊಟಕ್ಕೆ ಹೋಗ್ತಾರೆ. ಅದರ ಬದಲು ಚುಕ್ಕೆ ಗುರುತಿನ ಪ್ರಶ್ನೆ ಹಾಕಿ ಅಂತ ಕೇಳಿ, ಪ್ರಶ್ನೆ ನೀವೇ ಬರೆದು ಕೊಡಿ, ಲೆಕ್ಕ ಶೀರ್ಷಿಕೆ ಸಮೇತ. ಅದಕ್ಕೆ ಮಂತ್ರಿ ಸದನದಲ್ಲೇ ಬಾಯಿಬಿಟ್ಟು ಉತ್ತರ ಹೇಳಬೇಕು, ಶಾಸಕರು ಮೇಲೆ ಮತ್ತೆ ಕೇಳಬಹುದು. ಚುಕ್ಕೆ ರಹಿತ ಆದ್ರೆ ಬರೀ ಲಿಖಿತ ಉತ್ತರ, ಅದೂ ಅಡ್ಡಿಲ್ಲ, ಕಾಗದ ಕೈಗೆ ಸಿಗ್ತದಲ್ಲ. ವಿಧಾನಸಭೆ ವೆಬ್‌ಸೈಟಲ್ಲಿ ಉತ್ತರಗಳನ್ನ ಹಾಕ್ತಾರೆ. ಅಧಿವೇಶನ ಶುರುವಾದ ಮೇಲೆ ಹೋದ್ರೆ ಪ್ರಯೋಜನ ಇಲ್ಲ, ಪ್ರಶ್ನೆಗೆ ಮುಂಚಿತ ನೋಟಿಸ್ ಬೇಕು, ದಿನಾಂಕ ಪೇಪರಲ್ಲಿ ಬಂದ ವಾರವೇ ಕೊಟ್ಟುಬಿಡಿ. ಚಳಿಗಾಲದ ಅಧಿವೇಶನ ಬೆಳಗಾವಿ ಸುವರ್ಣ ವಿಧಾನಸೌಧದಲ್ಲಿ ಆದ್ರೆ ನಮಗೆ ಬೆಂಗಳೂರಿಗಿಂತ ಹತ್ತಿರ, ಶಾಸಕರ ಕಚೇರಿಯಿಂದ ಪಾಸ್ ಮಾಡಿಸಿಕೊಂಡು ಗ್ಯಾಲರಿಯಲ್ಲಿ ಕೂರಬಹುದು, ಗುರುತಿನ ಚೀಟಿ ಒಯ್ಯಿರಿ.