ಲೈಂಗಿಕ ವೃತ್ತಿ ಕಾನೂನುಬದ್ಧ ಆಗಬೇಕಾ? ಚರ್ಚೆಗೆ ಹೀಗೆ ತಯಾರಾಗಿ

ಕಾಲೇಜು ಮಕ್ಕಳಿಗೆ ಚರ್ಚೆ ಕಲಿಸುವವಳು ನಾನು. ಈ ವಿಷಯವನ್ನು ‘ಸರಿಯೋ ತಪ್ಪೋ’ ಎಂದು ಶುರು ಮಾಡಲು ಬಿಡುವುದಿಲ್ಲ. ಮೊದಲು ಇದನ್ನು ಕೇಳಿ: ಕಾನೂನು ಯಾರನ್ನು ಹಿಡಿಯುತ್ತದೆ? ಕೆಲಸ ಮಾಡುವವರನ್ನೋ, ಗಿರಾಕಿಯನ್ನೋ, ನಡುವೆ ನಿಂತು ದುಡ್ಡು ಹೊಡೆಯುವವರನ್ನೋ?

ಆಮೇಲೆ ಮಾದರಿಗಳನ್ನು ನೋಡಿ. ಸ್ವೀಡನ್ 1999ರಿಂದ ಗಿರಾಕಿಯನ್ನು ಶಿಕ್ಷಿಸುತ್ತದೆ, ಕೆಲಸ ಮಾಡುವವರನ್ನಲ್ಲ. ಬೇಡಿಕೆ ಇಳಿದರೆ ಮಾನವ ಕಳ್ಳಸಾಗಣೆಯೂ ಇಳಿಯುತ್ತದೆ ಅನ್ನುವುದು ಅವರ ಲೆಕ್ಕ. ಜರ್ಮನಿ 2017ರಿಂದ ನೋಂದಣಿ ಕಡ್ಡಾಯ ಮಾಡಿತು. ಹೆಸರು ಹೊರಬಿದ್ದರೆ ಗತಿಯೇನು ಎಂದು ಎಷ್ಟೋ ಜನ ಅತ್ತ ಸುಳಿಯುವುದೇ ಇಲ್ಲ.

ನನ್ನ ಒಲವು ನ್ಯೂಜಿಲೆಂಡ್ ಕಡೆ. ಅಲ್ಲಿ 2003ರಲ್ಲಿ ಇದನ್ನು ಅಪರಾಧದ ಪಟ್ಟಿಯಿಂದಲೇ ತೆಗೆದರು. ನಾಲ್ವರವರೆಗೆ ಸೇರಿ, ಮೇಲೊಬ್ಬ ಯಜಮಾನನಿಲ್ಲದೆ, ಪರವಾನಗಿ ಇಲ್ಲದೆ ಕೆಲಸ ಮಾಡಬಹುದು. ಜೊತೆಗೆ ಇನ್ನೊಬ್ಬರು ಇರುವುದೇ ದೊಡ್ಡ ರಕ್ಷಣೆ ಅಲ್ವಾ? ಒಪ್ಪಿಕೊಂಡ ಮೇಲೂ ಬೇಡ ಅನ್ನುವ ಹಕ್ಕಿದೆ. 18 ತುಂಬದವರನ್ನು ಬಳಸಿದವರಿಗೆ ಜೈಲು.

ಸುಮ್ನೆ ಹೊಗಳಬೇಡಿ, ಸಂದುಗಳನ್ನೂ ಹುಡುಕಿ. ತಾತ್ಕಾಲಿಕ ವೀಸಾದವರಿಗೆ ಅಲ್ಲಿ ಈ ಕೆಲಸ ನಿಷಿದ್ಧ. ಏಟು ತಿಂದರೂ ಗಡೀಪಾರಿನ ಭಯಕ್ಕೆ ಅವರು ದೂರು ಕೊಡಲು ಹಿಂಜರಿಯುತ್ತಾರೆ. ಎದುರು ಪಕ್ಷ ಇಲ್ಲೇ ಹಿಡಿಯುತ್ತದೆ. ಚರ್ಚೆಯಲ್ಲಿ ನೀವು ಮುಂದಿಡುವ ಕಾನೂನಿನ ಕರಡಿನಲ್ಲಿ ದೂರು ಕೊಟ್ಟವರ ವೀಸಾ ಮುಟ್ಟಬಾರದು ಎಂಬ ಒಂದು ಸಾಲು ಸೇರಿಸಿ. ಬಿಟ್ಟು ಹೋಗಲು ಬಯಸುವವರಿಗೆ ಮನೆ, ಬೇರೆ ಕೆಲಸದ ತರಬೇತಿ, ಇವಕ್ಕೆ ಹಣ ಎಲ್ಲಿಂದ ಎನ್ನುವುದನ್ನೂ ಬರೆಯಿರಿ.