ಗೋಡೆಗೆ ಮುಖ ಮಾಡಿ ಕೂತಿದ್ದ ನಾಯಿ

ನಾನು ನಾಯಿಗಳ ಶೆಲ್ಟರ್ ಒಂದರಲ್ಲಿ ಪಶುವೈದ್ಯೆ. ಮೊದಲೆಲ್ಲ ಹೆದರಿದ ನಾಯಿಗೆ ಮಾತ್ರೆ ಕೊಡುವುದು ನನಗೆ ಕೊನೆಯ ದಾರಿಯಾಗಿತ್ತು. ನಾಲ್ಕು ದಿನ ಬಿಡಿ, ತಾನಾಗಿ ಹೊಂದಿಕೊಳ್ಳುತ್ತೆ ಅನ್ನುತ್ತಿದ್ದೆ. ಕೆಲವು ಹೊಂದಿಕೊಳ್ಳಲಿಲ್ಲ. ಗೂಡಿನೊಳಗೆ ಗಿರಗಿರ ಸುತ್ತುವುದು, ಬಾಗಿಲಿಗೆ ಹಾರಿ ಹಾರಿ ಬೊಗಳುವುದು ಅವಕ್ಕೆ ಚಾಳಿಯಾಯಿತು. ಅದನ್ನು ಬಿಡಿಸಲು ತಿಂಗಳುಗಟ್ಟಲೆ ಒದ್ದಾಡಿದ್ದೇವೆ.

ನನ್ನ ಮನಸ್ಸು ಬದಲಾಯಿಸಿದ್ದು ಒಂದು ಕಂದು ಬಣ್ಣದ ಹೆಣ್ಣು ನಾಯಿ. ಬಂದಾಗಿನಿಂದ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿತ್ತು. ಬಾಲ ಹೊಟ್ಟೆಯಡಿ ಸೇರಿತ್ತು. ಸೆಖೆ ಇಲ್ಲದಿದ್ದರೂ ಒಂದೇ ಸಮ ಏದುಸಿರು. ಹಿಂದಿನ ದಿನದ ಊಟ ಒಣಗಿ ತಟ್ಟೆಯ ಅಂಚಿಗೆ ಅಂಟಿತ್ತು. ಎಲ್ಲೂ ನೋವಿಲ್ಲ, ಜ್ವರವಿಲ್ಲ ಅಂತ ಮೊದಲು ಖಚಿತ ಮಾಡಿಕೊಂಡೆ. ನೋವಿದ್ದರೂ ನಾಯಿ ಹೀಗೇ ಕೂರುತ್ತೆ ಅಲ್ವಾ. ತೂಕ 15 ಕೆಜಿ. ಕೆಜಿಗೆ 5 ಮಿಲಿಗ್ರಾಂ ಲೆಕ್ಕದಲ್ಲಿ ಭಯ ತಗ್ಗಿಸುವ ಮಾತ್ರೆ ಟ್ರಾಜೊಡೋನ್ 75 ಮಿಲಿಗ್ರಾಂ, ದಿನಕ್ಕೆ ಎರಡು ಸಲ. ಮೆತ್ತನೆಯ ಮಾಂಸದ ತುಂಡಿನಲ್ಲಿ ಮಾತ್ರೆ ಅಡಗಿಸಿ, ಅದರ ಕಡೆ ನೋಡದೆ ಪಕ್ಕದಲ್ಲಿಟ್ಟು ಎದ್ದು ಬಂದೆ. ಸ್ವಲ್ಪ ಹೊತ್ತಿಗೆ ತುಂಡು ಖಾಲಿ. ಒಂದೂವರೆ ಗಂಟೆ ಬಿಟ್ಟು ಇಣುಕಿದರೆ, ಅಡ್ಡ ಮಲಗಿ ಗದ್ದವನ್ನು ನೆಲಕ್ಕೆ ಊರಿತ್ತು. ಉಸಿರು ನಿಧಾನವಾಗಿತ್ತು. ರಾತ್ರಿ ತಟ್ಟೆ ನೆಕ್ಕಿತು. ಮಾರನೇ ದಿನ ಮುಖ ಬಾಗಿಲ ಕಡೆಗಿತ್ತು.

ಈಗ ಇಂಥ ನಾಯಿಗೆ ಬಂದ ದಿನವೇ ಶುರು ಮಾಡುತ್ತೇನೆ. ಗೂಡಿನ ಮುಂದೆ ಬಟ್ಟೆ ಇಳಿಬಿಡುವುದು, ದಿನವೂ ಒಬ್ಬರೇ ಊಟ ಹಾಕುವುದು, ಇವೂ ಜೊತೆಗೇ ಬೇಕು.

"ಮದ್ದು ಹಾಕಿ ಮಲಗಿಸ್ತೀರಾ?" ಅಂತ ಸ್ವಯಂಸೇವಕರು ಬೇಸರದಿಂದ ಕೇಳುತ್ತಾರೆ. ಹಾಗಲ್ಲ, ಮಾತ್ರೆ ತಿಂದ ನಾಯಿ ಕರೆದರೆ ಎದ್ದು ಬರಬೇಕು, ತೂರಾಡಬಾರದು, ಊಟ ಮಾಡಬೇಕು. ಇಡೀ ದಿನ ಮಲಗಿದ್ದರೆ ಡೋಸ್ ಜಾಸ್ತಿಯಾಗಿದೆ, ಇಳಿಸುತ್ತೇನೆ. ಹಿಂದೆ ಅಸೆಪ್ರೊಮಜಿನ್ ಅನ್ನುವ ಮಂಪರು ಔಷಧ ಕೊಡುತ್ತಿದ್ದೆ. ನಾಯಿ ಸುಮ್ಮನಾಗುತ್ತಿತ್ತು ನಿಜ, ಆದರೆ ತಟ್ಟೆ ಬಿದ್ದ ಸದ್ದಿಗೇ ಬೆಚ್ಚಿ ನಡುಗುತ್ತಿತ್ತು. ಮೈ ಕಟ್ಟಿಹಾಕಿದ್ದೆ, ಭಯ ಒಳಗೆ ಹಾಗೇ ಇತ್ತು. ಅದನ್ನು ನೆನೆದರೆ ಈಗಲೂ ನೋವಾಗುತ್ತೆ.

ತಿಂಗಳುಗಟ್ಟಲೆ ಇರಬೇಕಾದ, ಭಯ ಇಳಿಯದ ನಾಯಿಗೆ ಫ್ಲುಒಕ್ಸೆಟಿನ್ ಅನ್ನುವ, ನಿಧಾನವಾಗಿ ಭಯ ತಗ್ಗಿಸುವ ಔಷಧ ಹಾಕುತ್ತೇನೆ. ಅದು ಹಿಡಿಯಲು 4ರಿಂದ 6 ವಾರ ಬೇಕು, ಮೊದಮೊದಲು ಹಸಿವು ಕುಗ್ಗಬಹುದು. ಒಂದು ಎಚ್ಚರ: ನಾಯಿಯ ಮೈಗೆ ಕಚ್ಚಿಕೊಳ್ಳುವ ಉಣ್ಣೆ ಹುಳಕ್ಕೆ ಹಚ್ಚುವ ಅಮಿಟ್ರಾಜ್ ಔಷಧದ ಜೊತೆ ಟ್ರಾಜೊಡೋನ್ ಆಗಲಿ ಫ್ಲುಒಕ್ಸೆಟಿನ್ ಆಗಲಿ ಸೇರಬಾರದು. ಅದಕ್ಕೇ ನಾಯಿ ತಂದವರನ್ನು ಮೊದಲು ಕೇಳುವುದು, ಉಣ್ಣೆಗೆ ಏನು ಹಾಕಿದ್ದೀರಿ ಅಂತ. ಈ ಡೋಸ್ ನೋಡಿಕೊಂಡು ಮನೆಯಲ್ಲಿ ನೀವೇ ಕೊಡಬೇಡಿ, ನಿಮ್ಮ ವೈದ್ಯರಿಗೆ ತೋರಿಸಿ.

ಕಂದು ನಾಯಿಗೆ ಮೂರನೇ ವಾರ ಮನೆ ಸಿಕ್ಕಿತು. ಮಾತ್ರೆ ಒಮ್ಮೆಲೇ ನಿಲ್ಲಿಸಬೇಡಿ ಅಂತ ಹೇಳಿ, ವಾರವಾರ ಎಷ್ಟು ಇಳಿಸಬೇಕೆಂದು ಬರೆದುಕೊಟ್ಟೆ. ಹೊರಡುವ ಮುಂಚೆ ಅದು ನನ್ನ ಮೊಣಕಾಲಿಗೆ ಒರಗಿ ನಿಂತಿತ್ತು.